ಕಾಕಾನ ಸತ್ಯವೇದದಲ್ಲಿ ಇಲ್ಲದ ಪುಸ್ತಕ

ಆಯಿ ತೀರಿಕೊಂಡು ವರ್ಷ ಆಯಿತು ಅಂತ ಅಮ್ಮ ಹೋದ ತಿಂಗಳು ಚರ್ಚಿನಲ್ಲಿ ಪೂಜೆ ಇಡಿಸಿದಳು. ಆಯಿ ಅಂದರೆ ಅಮ್ಮನ ಅಮ್ಮ. ಖಾನಾಪುರ ಕಡೆಯವಳು, ಕೊಂಕಣಿ ಮಾತಾಡುವ ಕ್ಯಾಥೊಲಿಕ್. ಅಪ್ಪನ ಮನೆಯವರು ಬೈಲಹೊಂಗಲ ಕಡೆಯ ಕನ್ನಡ ಮೆಥಡಿಸ್ಟರು, ಅಂದರೆ ಪ್ರೊಟೆಸ್ಟೆಂಟರು. ಹಾಗಾಗಿ ಬೆಳಗಾವಿಯ ನಮ್ಮ ಮನೆಯಲ್ಲಿ ಎರಡು ಬೈಬಲ್, ಎರಡು ಹಾಡಿನ ಪುಸ್ತಕ. ಶಿಲುಬೆಯೂ ಎರಡು. ಅದರ ಮೇಲೆ ಯೇಸುವಿನ ಮೂರ್ತಿ ಇರಬೇಕಾ ಬೇಡವಾ ಅಂತ ಮದುವೆಯಾದ ಹೊಸದರಲ್ಲೇ ವಾದ ಆಗಿ, ಬರೀ ಕಟ್ಟಿಗೆಯದು ಹಾಲ್‌ನ ಗೋಡೆಗೆ, ಮೂರ್ತಿ ಇರುವುದು ಅಮ್ಮನ ಕಪಾಟಿನೊಳಗೆ ಅಂತ ಇತ್ಯರ್ಥ ಆಗಿತ್ತಂತೆ.

ಪೂಜೆ ಮುಗಿಸಿ ಎಲ್ಲರೂ ಮನೆಗೆ ಊಟಕ್ಕೆ ಬಂದಿದ್ದೆವು. ಕಾಕಾನೂ ಇದ್ದ. ಅಪ್ಪನ ತಮ್ಮ, ರಿಟೈರ್ಡ್ ಮಾಸ್ತರ, ಮೂವತ್ತು ವರ್ಷ ಸಂಡೇ ಸ್ಕೂಲ್ ಕಲಿಸಿದವನು. ಬೆಳಿಗ್ಗೆ ಅಮ್ಮ ಲಕೋಟೆಯಲ್ಲಿ ಇನ್ನೂರು ರೂಪಾಯಿ ಹಾಕಿ, ಮೇಲೆ ಆಯಿಯ ಹೆಸರು ಬರೆದು ಫಾದರ್ ಕೈಗೆ ಕೊಟ್ಟಿದ್ದನ್ನು ನೋಡಿದ್ದಾನೆ. ಅಲ್ಲಿಯವರೆಗೆ ತಡೆದುಕೊಂಡಿದ್ದವನು ಅನ್ನಕ್ಕೆ ಸಾರು ಬಿದ್ದ ಕೂಡಲೇ ಶುರು ಮಾಡಿದ. "ವೈನಿ, ರೊಕ್ಕಾ ಕೊಟ್ಟರ ಆಯಿ ಲಗೂನ ಸ್ವರ್ಗಕ್ಕ ಹೋಗ್ತಾರೇನು? ಇದಕ್ಕ ಅಲ್ಲೇನ್ರಿ ಲೂಥರ್ ಜಗಳಾ ತಗದಿದ್ದು?"

ಅಮ್ಮ ಸೌಟು ಕೆಳಗಿಡಲಿಲ್ಲ. "ರೊಕ್ಕಾ ಫಾದರ್ ಊಟಕ್ಕ, ಪ್ರಾರ್ಥನಾ ಆಯಿಗೆ. ಎರಡೂ ಬ್ಯಾರೆ. ನೀವು ಮೀನ ಹಾಕ್ಕೋರಿ."

ನನಗೆ ನಗು ಬಂತು. ಆದರೆ ರಾತ್ರಿ ಮಲಗಿದಾಗ ಕಾಕಾನ ಪ್ರಶ್ನೆ ಪೂರ್ತಿ ತಪ್ಪಾ ಅಂತ ತಲೆಯೊಳಗೆ ಹೊಕ್ಕಿತು. ಪ್ರೊಟೆಸ್ಟೆಂಟರು ಬೇರೆಯಾಗಲು ಕಾರಣನಾದ ಲೂಥರ್ ಜಗಳ ತೆಗೆದದ್ದು ಏತಕ್ಕೆ? 1517ರಲ್ಲಿ ಜರ್ಮನಿಯಲ್ಲಿ ಟೆಟ್ಜೆಲ್ ಅನ್ನುವ ಸನ್ಯಾಸಿ ಊರೂರು ತಿರುಗಿ ದಂಡವಿನಾಯಿತಿಯ ಚೀಟಿ ಮಾರುತ್ತಿದ್ದ. ಚೀಟಿಯ ಹಿಂದಿನ ಕಲ್ಪನೆಯನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ: ನಿಮ್ಮ ದನ ಪಕ್ಕದವನ ಕಬ್ಬಿನ ಹೊಲಕ್ಕೆ ಹೊಕ್ಕಿತು. ಅವನು "ಹೋಗ್ಲಿ ಬಿಡೋ" ಅಂದ. ಕ್ಷಮೆ ಸಿಕ್ಕಿತು, ಸರಿ. ಮೇಯ್ದ ಕಬ್ಬು ಮಾತ್ರ ಮೇಯ್ದದ್ದೇ, ಆ ಬಾಕಿ ತೀರಿಸಬೇಕಲ್ಲ. ಕ್ಯಾಥೊಲಿಕ್ ಧರ್ಮಸಭೆ ಹೇಳುವುದು ಇದನ್ನೇ. ಪಾಪ ಕ್ಷಮೆಯಾದ ಮೇಲೂ ಒಂದಿಷ್ಟು ಬಾಕಿ ಶಿಕ್ಷೆ ಉಳಿಯುತ್ತದೆ. ಬದುಕಿದ್ದಾಗ ತೀರದಿದ್ದರೆ ಸತ್ತ ಮೇಲೆ ಶುದ್ಧೀಕರಣದ ಸ್ಥಳದಲ್ಲಿ ತೀರಬೇಕು. ದಂಡವಿನಾಯಿತಿ ಆ ಬಾಕಿಯನ್ನು ಕಡಿಮೆ ಮಾಡುತ್ತದೆ.

ಕಾಗದದ ಮೇಲೆ ಇಷ್ಟೇ. ಸಂತೆಯಲ್ಲಿ ಅದು ಬೇರೆಯೇ ಆಗಿತ್ತು. ಬಂದ ದುಡ್ಡು ರೋಮಿನಲ್ಲಿ ಸಂತ ಪೇತ್ರರ ದೊಡ್ಡ ದೇವಾಲಯ ಕಟ್ಟುವುದಕ್ಕೆ ಅಂತ ಜನರಿಗೆ ಹೇಳಿದ್ದರು. ಅದರಲ್ಲಿ ಅರ್ಧ ಹೋಗಿದ್ದು ಮೈಂಜ್ ನಗರದ ಮಹಾಧರ್ಮಾಧ್ಯಕ್ಷ ಆಲ್ಬ್ರೆಕ್ಟ್ ಮಾಡಿದ ಸಾಲಕ್ಕೆ. ಆ ಹುದ್ದೆ ಪಡೆಯಲು ಅವನು ಫುಗ್ಗರ್ ಅನ್ನುವ ಲೇವಾದೇವಿ ಮನೆತನದಿಂದ ದುಡ್ಡು ಎತ್ತಿದ್ದ. ಅಂದರೆ ಯಾರದೋ ಸತ್ತ ತಾಯಿಯ ಹೆಸರಲ್ಲಿ ಬಡ ರೈತ ಕೊಟ್ಟ ಕಾಸು ಸಾಲ ಕೊಟ್ಟವರ ಲೆಕ್ಕದ ಪುಸ್ತಕಕ್ಕೆ ಹೋಗಿ ಬಿತ್ತು. ವಿಟೆನ್‌ಬರ್ಗಿನ ಸನ್ಯಾಸಿ ಮಾರ್ಟಿನ್ ಲೂಥರ್ 95 ವಾಕ್ಯ ಬರೆದು ಪ್ರಶ್ನಿಸಿದ್ದರಲ್ಲಿ ಆಶ್ಚರ್ಯ ಏನಿದೆ? ನಾನಾಗಿದ್ದರೂ ಬರೆಯುತ್ತಿದ್ದೆ, 95 ಆಗದಿದ್ದರೂ ಒಂದು ಹತ್ತು.

ಹಾಗಂತ ಅಮ್ಮನ ಇನ್ನೂರು ರೂಪಾಯಿಯನ್ನು ಅದರ ಜೊತೆ ಕಟ್ಟುವುದು ಸರಿಯಲ್ಲ. 1567ರಲ್ಲೇ ಪೋಪ್ ಐದನೇ ಪಿಯುಸ್, ದುಡ್ಡು ತೆಗೆದುಕೊಂಡು ಕೊಡುವ ದಂಡವಿನಾಯಿತಿಗಳನ್ನೆಲ್ಲ ರದ್ದು ಮಾಡಿದ. ಪೂಜೆಗೆ ಕೊಡುವ ಕಾಣಿಕೆಯಲ್ಲಿ ವ್ಯಾಪಾರದ ನೆರಳೂ ಬೀಳಬಾರದು, ಬಡವರು ಏನೂ ಕೊಡದಿದ್ದರೂ ಪೂಜೆ ಮಾಡಿ ಅಂತ ಇವತ್ತಿನ ಕ್ಯಾಥೊಲಿಕ್ ಕಾನೂನಿನಲ್ಲೇ ಬರೆದಿದೆ. ನೆರಳು ಬೀಳುವುದೇ ಇಲ್ಲ ಅಂತ ನಾನು ಹೇಳಲಾರೆ. ಲಕೋಟೆ ಕೊಡದೆ ಪೂಜೆ ಇಡಿಸಿ ಅಂತ ಕೇಳಲು ನಮ್ಮ ಜನಕ್ಕೆ ಎಷ್ಟು ಸಂಕೋಚ ಅಂತ ನೋಡಿದ್ದೇನೆ.

ಜಗಳ ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಭಾನುವಾರ ಸಂಜೆ ಕಾಕಾ ತನ್ನ ಬೈಬಲ್, ಅಂದರೆ ಸತ್ಯವೇದವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದ. ಕಪ್ಪು ರಟ್ಟು, ಬೆನ್ನಿಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದು, ಅಂಚಿನಲ್ಲಿ ಕೆಂಪು ಪೆನ್ಸಿಲ್ ಗುರುತು. "ಸತ್ತವರ ಸಲುವಾಗಿ ಪ್ರಾರ್ಥನಾ ಮಾಡ್ರಿ ಅಂತ ಎಲ್ಲಿ ಬರದೈತಿ, ತೋರಸ್ರಿ." ಅಮ್ಮ ಶಾಂತವಾಗಿ ತನ್ನ ಪವಿತ್ರ ಬೈಬಲ್ ತಂದಳು, ಕನ್ನಡಕ ಹಾಕಿಕೊಂಡು ಮಕ್ಕಬಿಯರ ಎರಡನೇ ಪುಸ್ತಕ, 12ನೇ ಅಧ್ಯಾಯ ತೆಗೆದಳು. ಯುದ್ಧದಲ್ಲಿ ಸತ್ತ ಸೈನಿಕರ ಅಂಗಿಯೊಳಗೆ ವಿಗ್ರಹಗಳ ತಾಯಿತ ಸಿಗುತ್ತದೆ. ಅವರ ಪಾಪ ಪರಿಹಾರಕ್ಕೆ ಬಲಿ ಕೊಡಿಸಲು ಯೂದ ಮಕ್ಕಬಿಯ ಬೆಳ್ಳಿ ನಾಣ್ಯ ಕೂಡಿಸಿ ಜೆರುಸಲೇಮಿಗೆ ಕಳಿಸುತ್ತಾನೆ. ಸತ್ತವರಿಗಾಗಿ ಪ್ರಾರ್ಥಿಸುವುದು ಒಳ್ಳೆಯ ಪವಿತ್ರ ಯೋಚನೆ ಅಂತ ಅಲ್ಲಿ ಬರುತ್ತದೆ.

"ನೋಡ್ರಿ, ಅಲ್ಲೂ ಪಟ್ಟಿ ಎತ್ಯಾರ" ಅಂದ ಕಾಕಾ. ಆಮೇಲೆ ತನ್ನ ಪುಸ್ತಕದಲ್ಲಿ ಹುಡುಕಿದ. ಹಳೆಯ ಒಡಂಬಡಿಕೆಯ ಕೊನೆಯ ಪುಸ್ತಕ ಮಲಾಕಿಯ ಆಯಿತು, ಪುಟ ತಿರುವಿದ, ಹೊಸ ಒಡಂಬಡಿಕೆಯ ಮೊದಲ ಪುಸ್ತಕ ಮತ್ತಾಯ ಬಂತು. ಹಿಂದೆ ತಿರುವಿದ. ಅವನಿಗೆ ಗೊತ್ತಿಲ್ಲದ್ದೇನಲ್ಲ, ಮೂವತ್ತು ವರ್ಷ ಮಕ್ಕಳಿಗೆ 66 ಪುಸ್ತಕಗಳ ಹೆಸರನ್ನು ರಾಗ ಹಾಕಿ ಬಾಯಿಪಾಠ ಮಾಡಿಸಿದವನು. ಆದರೂ ಒಮ್ಮೆ ಹುಡುಕಿ ನೋಡಿದ. ಆ ಎರಡು ಪುಟಗಳ ನಡುವೆ ಬೆರಳಿಟ್ಟು "ನಮ್ಮದರಾಗ ಇಲ್ಲ" ಅಂದ. ಅಮ್ಮನದರಲ್ಲಿ 73 ಇವೆ.

ಇಲ್ಲಿಗೆ ಬಂದಾಗಲೇ ನನಗೆ ಅನಿಸಿದ್ದು, ಇವರಿಬ್ಬರೂ ಸ್ವರ್ಗದ ಬಗ್ಗೆ ಜಗಳ ಆಡುತ್ತಿಲ್ಲ ಅಂತ. ಪುಸ್ತಕ ತೆಗೆದು ತೋರಿಸು ಅಂದರೆ ಯಾವ ಪುಸ್ತಕ ಅನ್ನುವ ಪ್ರಶ್ನೆ ಬರುತ್ತದೆ. ಯಾವ ಪುಸ್ತಕ ಅಂದರೆ ಪಟ್ಟಿ ಮಾಡಿದವರು ಯಾರು ಅನ್ನುವ ಪ್ರಶ್ನೆ. ಬೈಬಲ್ ಒಳಗೆ ಎಲ್ಲಿಯೂ ಬೈಬಲ್ಲಿನ ಪುಸ್ತಕಗಳ ಪಟ್ಟಿ ಇಲ್ಲ! ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಈಗಿರುವ ಹಾಗೆಯೇ ಹೆಸರಿಸಿ 367ರಲ್ಲಿ ಪತ್ರ ಬರೆದವನು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್. ಅದನ್ನು ಅಮ್ಮನೂ ಒಪ್ಪುತ್ತಾಳೆ, ಕಾಕಾನೂ ಒಪ್ಪುತ್ತಾನೆ. ತಕರಾರು ಇರುವುದು ಹಳೆಯ ಒಡಂಬಡಿಕೆಯದು. ಯೆಹೂದ್ಯರ ಹೀಬ್ರೂ ಪಟ್ಟಿಯಲ್ಲಿ ಇಲ್ಲದ, ಗ್ರೀಕ್ ಅನುವಾದದಲ್ಲಿದ್ದ ಏಳು ಪುಸ್ತಕ. ಲೂಥರ್ 1534ರ ತನ್ನ ಜರ್ಮನ್ ಬೈಬಲ್‌ನಲ್ಲಿ ಅವುಗಳನ್ನು ಕಿತ್ತು ಬಿಸಾಡಲಿಲ್ಲ. ಪವಿತ್ರ ಗ್ರಂಥಕ್ಕೆ ಸಮ ಅಲ್ಲ, ಓದಲು ಒಳ್ಳೆಯವು ಅಂತ ಹೇಳಿ ಬೇರೆಯಾಗಿ ಇಟ್ಟ. 1546ರಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ ಕ್ಯಾಥೊಲಿಕ್ ಮಹಾಸಭೆ ಅವೆಲ್ಲ ಪವಿತ್ರ ಗ್ರಂಥವೇ ಅಂತ ಸಾರಿತು. 1826ರಲ್ಲಿ ಲಂಡನ್ನಿನ ಬೈಬಲ್ ಸೊಸೈಟಿ ಈ ಪುಸ್ತಕಗಳನ್ನು ಹಾಕಿದ ಬೈಬಲ್‌ಗೆ ಕಾಸು ಕೊಡುವುದಿಲ್ಲ ಅಂತ ತೀರ್ಮಾನಿಸಿತು. ಬೆಳಗಾವಿಗೆ 1820ರಲ್ಲಿ ಬಂದವರು ಲಂಡನ್ ಮಿಷನ್ನಿನವರು. 1904ರಲ್ಲಿ ಅವರ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಹೋಯಿತು. ಅವರೆಲ್ಲ 66ರ ಲೆಕ್ಕದವರು. ಕಾಕಾ ಮಲಾಕಿಯ ಮತ್ತು ಮತ್ತಾಯದ ನಡುವೆ ಬೆರಳಿಟ್ಟದ್ದಕ್ಕೆ ಇಷ್ಟು ಹಿಂದಿನ ಕಥೆ ಇದೆ.

ಕಾಕಾನ ವಾದ ಗಟ್ಟಿಯದೇ. ಮನುಷ್ಯರ ಸಭೆ ತಪ್ಪು ಮಾಡುತ್ತದೆ, ದೇವರ ವಾಕ್ಯ ತಪ್ಪು ಮಾಡುವುದಿಲ್ಲ. 1521ರಲ್ಲಿ ವರ್ಮ್ಸ್ ನಗರದಲ್ಲಿ ಚಕ್ರವರ್ತಿಯ ಎದುರು ನಿಂತು ಲೂಥರ್ ಹೇಳಿದ್ದೂ ಅದನ್ನೇ. ಪೋಪರೂ ಮಹಾಸಭೆಗಳೂ ಎಷ್ಟೋ ಸಲ ತಪ್ಪಿದ್ದಾರೆ, ಒಬ್ಬರ ಮಾತಿಗೆ ಒಬ್ಬರು ವಿರುದ್ಧ ಹೇಳಿದ್ದಾರೆ, ನನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಕಟ್ಟುಬಿದ್ದಿದೆ ಅಂತ. ಅಮ್ಮನ ಉತ್ತರ ಒಂದೇ ಸಾಲು: "ವಾಕ್ಯ ತಪ್ಪೂದಿಲ್ಲ ಖರೆ. ಓದಾವರು ತಪ್ಪತಾರಲ್ರಿ." ಅದೂ ಗಟ್ಟಿಯೇ. ಅದೇ ಲೂಥರ್‌ಗೆ ಹೊಸ ಒಡಂಬಡಿಕೆಯಲ್ಲೇ ಇರುವ ಯಾಕೋಬನ ಪತ್ರ ಕಂಡರೆ ಆಗುತ್ತಿರಲಿಲ್ಲ. 1522ರಲ್ಲಿ ಅದನ್ನು ಹುಲ್ಲಿನ ಪತ್ರ ಅಂತ ಕರೆದ. ಯಾಕೆಂದರೆ ಮನುಷ್ಯ ನೀತಿವಂತನಾಗುವುದು, ಅಂದರೆ ದೇವರ ಕಣ್ಣಿಗೆ ಸರಿಯಾದವನಾಗುವುದು, ನಂಬಿಕೆಯೊಂದರಿಂದಲೇ ಅಲ್ಲ, ಕ್ರಿಯೆಗಳಿಂದಲೂ ಅಂತ ಅದರ ಎರಡನೇ ಅಧ್ಯಾಯದಲ್ಲಿದೆ. ಬರೀ ವಾಕ್ಯವೇ ಸಾಕು ಅಂದವನಿಗೂ ಎಲ್ಲ ವಾಕ್ಯ ಒಂದೇ ತೂಕದ್ದಾಗಿರಲಿಲ್ಲ. ಇನ್ನು ನಮ್ಮ ಓಣಿಯಲ್ಲೇ ನೋಡಿ, ಬರೀ ವಾಕ್ಯ ಹಿಡಿದುಕೊಂಡವರ ಸಭೆಗಳು ನಾಲ್ಕಿವೆ, ಒಬ್ಬರ ದೀಕ್ಷಾಸ್ನಾನ ಇನ್ನೊಬ್ಬರಿಗೆ ಆಗಿಬರುವುದಿಲ್ಲ. ಹೊಸದಾಗಿ ಬಂದವರೊಬ್ಬರು ಅಮ್ಮನಿಗೂ ಕಾಕಾಗೂ ಇಬ್ಬರಿಗೂ ರಕ್ಷಣೆ ಇಲ್ಲ, ಅಂದರೆ ಸ್ವರ್ಗ ಸಿಗುವುದಿಲ್ಲ, ಅಂತ ಹೇಳಿಹೋದರು. ಆವತ್ತು ಮಾತ್ರ ಇಬ್ಬರೂ ಒಂದೇ ಪಕ್ಷ.

ಪೋಪ್ ವಿಷಯಕ್ಕೆ ಬಂದರೆ ಕನ್ನಡದಲ್ಲಿ ಒಂದು ತಮಾಷೆ ಇದೆ. ಕನ್ನಡ ಕ್ಯಾಥೊಲಿಕರು ಪೋಪರನ್ನು ಜಗದ್ಗುರು ಅನ್ನುತ್ತಾರೆ. ಜಗದ್ಗುರು ಫ್ರಾನ್ಸಿಸ್, ಈಗ ಜಗದ್ಗುರು ಹದಿನಾಲ್ಕನೇ ಲಿಯೊ. ನಮ್ಮ ಆಫೀಸಿನಲ್ಲಿ ಬಾಗಲಕೋಟೆಯ ಗೆಳೆಯನೊಬ್ಬ ನನ್ನ ಟೇಬಲ್ ಮೇಲಿದ್ದ ಚರ್ಚಿನ ಪತ್ರಿಕೆ ನೋಡಿ "ಇವರು ಯಾವ ಮಠದ ಜಗದ್ಗುರು?" ಅಂತ ಕೇಳಿದ. ವಿವರಿಸಿದೆ. ಅವನು ಲಿಂಗಾಯತ. ಸ್ವಲ್ಪ ಹೊತ್ತು ಕೇಳಿ, "ಅಂದ್ರ ನಿಮ್ಮಲ್ಲೂ ಮಠಾ ದೊಡ್ಡದೋ ವಚನಾ ದೊಡ್ಡದೋ ಅನ್ನೋದ ಜಗಳಾ" ಅಂದ. ಪೂರ್ತಿ ಸರಿ ಹೊಂದದೇ ಇರಬಹುದು, ಆದರೆ ನಾನು ಅರ್ಧ ಗಂಟೆ ಹೇಳಿದ್ದನ್ನು ಅವನು ಒಂದು ಮಾತಿನಲ್ಲಿ ಹೇಳಿಬಿಟ್ಟ.

ಪೋಪ್ ಹೇಳಿದ್ದೆಲ್ಲ ತಪ್ಪಾಗಲು ಸಾಧ್ಯವೇ ಇಲ್ಲ ಅಂತ ಕ್ಯಾಥೊಲಿಕರು ನಂಬುತ್ತಾರೆ ಅಂತ ಕಾಕಾ ತಿಳಿದಿದ್ದ. ಸತ್ಯ ಹೇಳಬೇಕೆಂದರೆ ನಮ್ಮ ಎಷ್ಟೋ ಕ್ಯಾಥೊಲಿಕ್ ನೆಂಟರೂ ಹಾಗೇ ತಿಳಿದಿದ್ದಾರೆ. 1870ರ ಮೊದಲ ವ್ಯಾಟಿಕನ್ ಮಹಾಸಭೆ ಹೇಳಿದ್ದು ಅಷ್ಟಲ್ಲ. ಇಡೀ ಧರ್ಮಸಭೆಯ ಗುರುವಾಗಿ, ನಂಬಿಕೆ ಅಥವಾ ನೀತಿಯ ವಿಷಯದಲ್ಲಿ, ಇದನ್ನು ಎಲ್ಲರೂ ನಂಬಲೇಬೇಕು ಅಂತ ವಿಧಿಪೂರ್ವಕವಾಗಿ ಸಾರಿದಾಗ ಮಾತ್ರ. ಆಮೇಲೆ ಹಾಗೆ ಸಾರಿದ್ದು ಒಂದೇ ಸಲ, 1950ರಲ್ಲಿ, ಮಾತೆ ಮರಿಯಮ್ಮನವರು ದೇಹಸಮೇತ ಸ್ವರ್ಗಕ್ಕೆ ಎತ್ತಲ್ಪಟ್ಟರು ಅನ್ನುವ ಬೋಧನೆಯನ್ನು. ಕಾಕಾಗೆ ಇದು ಇನ್ನೂ ಕೆಟ್ಟದಾಗಿ ಕಂಡಿತು. "ಸತ್ಯವೇದದಾಗ ಇಲ್ಲದ್ದನ್ನ ಹೇಳಾಕನ ಬಳಸ್ಯಾರಲ್ಲ!" ನನಗೆ ಉತ್ತರ ಹೊಳೆಯಲಿಲ್ಲ.

ಆದರೆ ಅಧಿಕಾರವೇ ಇಲ್ಲದ ಸಭೆ ಕಾಕಾನದ್ದೂ ಅಲ್ಲ. ಮೆಥಡಿಸ್ಟರಲ್ಲೂ ಬಿಷಪ್ ಇದ್ದಾರೆ, ವಾರ್ಷಿಕ ಸಮ್ಮೇಳನದಲ್ಲಿ ಯಾವ ಊರಿಗೆ ಅಂತ ಹೆಸರು ಓದಿದರೋ ಪಾಸ್ಟರ್ ಗಂಟುಮೂಟೆ ಕಟ್ಟಿಕೊಂಡು ಆ ಊರಿಗೆ ಹೋಗಬೇಕು. ಇದನ್ನು ಹೇಳಿದಾಗ "ಅದು ವರ್ಗಾವಣಿ, ದೇವರ ವಾಕ್ಯ ಅಲ್ಲ" ಅಂದ. ಮಾಸ್ತರನಾಗಿದ್ದವನಿಗೆ ವರ್ಗಾವಣೆ ಅಂದರೆ ಏನು ಅಂತ ಚೆನ್ನಾಗಿ ಗೊತ್ತು.

ಈಗ ರಕ್ಷಣೆಯ ವಿಷಯ. ಸಂಡೇ ಸ್ಕೂಲಿನಲ್ಲಿ ನಾನು ಕಲಿತದ್ದು: ಕ್ಯಾಥೊಲಿಕರು ಪುಣ್ಯ ಮಾಡಿ ಸ್ವರ್ಗ ಗಳಿಸುತ್ತಾರೆ, ನಾವು ನಂಬಿ ಪಡೆಯುತ್ತೇವೆ. ಅಮ್ಮನ ಚರ್ಚಿನ ಧರ್ಮೋಪದೇಶದ ಕ್ಲಾಸಿನಲ್ಲಿ ಕಲಿತದ್ದು: ಪ್ರೊಟೆಸ್ಟೆಂಟರು ನಂಬಿದೆ ಅಂತ ಹೇಳಿ ಏನು ಬೇಕಾದರೂ ಮಾಡಬಹುದು. (ಅಮ್ಮ ಮದುವೆಗೆ ಮುಂಚೆ, ಹುಟ್ಟುವ ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ ಮಾತು ಕೊಡಬೇಕಾಗಿತ್ತು. ಕೊಟ್ಟಳು. ಅಪ್ಪ ಒಂದೂ ಮಾತಾಡದೆ ನನ್ನನ್ನು ಸಂಡೇ ಸ್ಕೂಲಿಗೂ ಕಳಿಸಿದ. ಹಾಗಾಗಿ ಎರಡೂ ಕಡೆಯ ಬೈಗುಳ ನನಗೆ ಬಾಯಿಪಾಠ.) ದೊಡ್ಡವನಾದ ಮೇಲೆ ಟ್ರೆಂಟಿನ 1547ರ ತೀರ್ಪನ್ನು ಓದಿದೆ. ಅದರ ಮೊದಲನೇ ಕಲಮೇ ಹೀಗಿದೆ: ದೇವರ ಕೃಪೆ ಇಲ್ಲದೆ ತನ್ನ ಕ್ರಿಯೆಗಳಿಂದಲೇ ಮನುಷ್ಯ ನೀತಿವಂತನಾಗಬಲ್ಲ ಅನ್ನುವವನು ಬಹಿಷ್ಕೃತ. ಸಂಡೇ ಸ್ಕೂಲಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ವ್ಯತ್ಯಾಸ ಇಲ್ಲ ಅಂತಲ್ಲ. ಲೂಥರ್ ಕೋರ್ಟಿನ ಮಾತಾಡುತ್ತಾನೆ. ಅಬ್ರಹಾಮನ ನಂಬಿಕೆಯನ್ನು ದೇವರು ನೀತಿಯೆಂದು ಎಣಿಸಿದ ಅಂತ ಪೌಲ ರೋಮಾಪುರದವರಿಗೆ ಬರೆದನಲ್ಲ, ಹಾಗೆ. ಅಪರಾಧಿಯೇ, ಆದರೆ ಜಡ್ಜ್ ಬಿಡುಗಡೆ ಅಂದ, ಬಿಡುಗಡೆಯಾಯಿತು. ಟ್ರೆಂಟ್ ದವಾಖಾನೆಯ ಮಾತಾಡುತ್ತದೆ. ದೇವರ ಕೃಪೆ ಒಳಗಿಳಿದು ರೋಗಿಯನ್ನು ನಿಜಕ್ಕೂ ಗುಣ ಮಾಡುತ್ತದೆ, ಆಮೇಲೆ ಅವನು ಪಥ್ಯ ಮಾಡಬೇಕು, ಮಾಡದಿದ್ದರೆ ರೋಗ ಮರುಕಳಿಸುತ್ತದೆ, ಆಗ ಫಾದರ್ ಎದುರು ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗಬೇಕು. ಇನ್ನು ಮೆಥಡಿಸ್ಟರು ಯಾವ ಕಡೆ? ಇದು ನನಗೆ ಬಹಳ ಇಷ್ಟವಾದ ಸಂಗತಿ. ಅವರ ಮೂಲಪುರುಷ ಜಾನ್ ವೆಸ್ಲಿಗೆ 1738ರ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ ಹೃದಯ ಬೆಚ್ಚಗಾಯಿತು. ಅಲ್ಲಿ ಓದುತ್ತಿದ್ದದ್ದು ರೋಮಾಪುರದ ಪತ್ರಕ್ಕೆ ಲೂಥರ್ ಬರೆದ ಪೀಠಿಕೆ. ಅಲ್ಲಿಗೆ ಕೋರ್ಟು. ಆದರೆ ಅದೇ ವೆಸ್ಲಿ ಮುಂದೆ ಆಯುಸ್ಸಿಡೀ ಬೋಧಿಸಿದ್ದು ಪರಿಶುದ್ಧ ಜೀವನವನ್ನು. ಕೃಪೆ ಪಡೆದವನೂ ಬೀಳಬಹುದು ಅಂತಲೂ ಹೇಳಿದ. ಅರ್ಧ ದವಾಖಾನೆಯಲ್ಲೇ ಇದ್ದಾನೆ ಅಲ್ವಾ?

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕ್ ಸಭೆ ಮತ್ತು ಲೂಥರನ್ನರ ವಿಶ್ವ ಒಕ್ಕೂಟ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದವು. ನೀತಿವಂತರಾಗುವುದರ ಮೂಲ ಸತ್ಯಗಳಲ್ಲಿ ನಮಗೆ ಒಮ್ಮತ ಇದೆ, ಉಳಿದ ವ್ಯತ್ಯಾಸಕ್ಕೆ ಒಬ್ಬರನ್ನೊಬ್ಬರು ಖಂಡಿಸಬೇಕಾಗಿಲ್ಲ ಅಂತ. 2006ರಲ್ಲಿ ಸಿಯೋಲ್‌ನಲ್ಲಿ ಮೆಥಡಿಸ್ಟರ ವಿಶ್ವ ಪರಿಷತ್ತೂ ಅದಕ್ಕೆ ಸೇರಿತು. ಅಂದರೆ ಅಮ್ಮನ ಸಭೆಯೂ ಕಾಕಾನ ಸಭೆಯೂ ಒಂದೇ ಕಾಗದಕ್ಕೆ ಸಹಿ ಹಾಕಿ ಎಷ್ಟು ವರ್ಷ ಆಯಿತು ನೋಡಿ! ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಯಾವ ಪೂಜೆಯಲ್ಲೂ, ಯಾವ ಆರಾಧನೆಯಲ್ಲೂ ನಾನು ಅದರ ಸುದ್ದಿ ಕೇಳಿಲ್ಲ.

ಸಹಿಯಾದ ಮೇಲೂ ಮೇಜು ಒಂದಾಗಿಲ್ಲ. ಪೂಜೆಯಲ್ಲಿ ಯೇಸುವಿನ ಕೊನೆಯ ಊಟದ ನೆನಪಿಗೆ ಕೊಡುವ ಪರಮ ಪ್ರಸಾದದ ಸಾಲು ಹೊರಟಾಗ ಅಪ್ಪ ಬೆಂಚಿನಲ್ಲೇ ಕೂತಿರುತ್ತಾನೆ, ಮೊಣಕಾಲು ಆ ಕಡೆ ಸರಿಸಿ ಬೇರೆಯವರಿಗೆ ದಾರಿ ಮಾಡಿಕೊಡುತ್ತಾನೆ. ನಲವತ್ತು ವರ್ಷದಿಂದ ಹಾಗೇ. ಅಪ್ಪನ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಿರಸ ಹಂಚುವ ಕರ್ತನ ಭೋಜನ ಇದ್ದ ದಿನ ಎಲ್ಲರನ್ನೂ ಕರೆಯುತ್ತಾರೆ, ಅಮ್ಮನೇ ಏಳುವುದಿಲ್ಲ, ಅವಳ ಸಭೆಯ ಕಟ್ಟಳೆ ಬಿಡುವುದಿಲ್ಲ. ಆದರೆ ಅಲ್ಲಿ ಕೊಡುವ ದ್ರಾಕ್ಷಿರಸ ಎಷ್ಟೋ ಸಲ ನಮ್ಮ ಮನೆಯದೇ. ವಿಜಯಪುರದಿಂದ ತಂದ ಒಣದ್ರಾಕ್ಷಿಯನ್ನು ಶನಿವಾರ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಆರಿಸಿ, ಬಿಳಿ ಪಂಚೆಯ ತುಂಡಿನಲ್ಲಿ ಹಿಂಡುವವಳು ಅಮ್ಮ. ಕಾಕಾನ ಹೆಂಡತಿ ಕಾಕೂಗೆ ಕೈನೋವು ಶುರುವಾದ ಮೇಲೆ ಈ ಕೆಲಸ ಇವಳಿಗೆ ಬಂತು. ಬೆರಳೆಲ್ಲ ಕಂದು ಬಣ್ಣ. ಸರಿಯಾಗಿದೆಯಾ ಅಂತ ರುಚಿ ನೋಡುತ್ತಾಳೆ. ಚರ್ಚಿನಲ್ಲಿ ಆ ಚಿಕ್ಕ ಗ್ಲಾಸು ಮುಟ್ಟುವುದಿಲ್ಲ.

ನಂಬಿಕೆಯೋ ಕ್ರಿಯೆಯೋ ಅನ್ನುವುದರ ಬಗ್ಗೆ ಇವರಿಬ್ಬರ ನಡುವೆ ನಿಜವಾದ ಭಿನ್ನಾಭಿಪ್ರಾಯ ಇದ್ದರೆ ಒಂದು ಚಮಚದಷ್ಟು. ಆಯಿಯನ್ನು ಉಳಿಸುವುದು ಅವಳ ಪುಣ್ಯ ಅಲ್ಲ, ದೇವರ ದಯೆ ಅಂತ ಇಬ್ಬರೂ ಹೇಳುತ್ತಾರೆ. ಅದನ್ನು ಖಚಿತವಾಗಿ ಹೇಳುವ ಹಕ್ಕು ಯಾರಿಗೆ, ಮೇಜಿಗೆ ಯಾರನ್ನು ಕರೆಯಬಹುದು ಅಂತ ತೀರ್ಮಾನಿಸುವವರು ಯಾರು, ಅಲ್ಲಿ ಇಬ್ಬರೂ ಒಂದು ಅಂಗುಲ ಸರಿಯುವುದಿಲ್ಲ. ಅಂದಹಾಗೆ, ಲೂಥರ್‌ನನ್ನು ಬಹಿಷ್ಕರಿಸಿದ ಪೋಪ್ ಹತ್ತನೇ ಲಿಯೊ. 2025ರಲ್ಲಿ ಆಯ್ಕೆಯಾದ ಪೋಪ್ ಲಿಯೊ ಅನ್ನುವ ಹೆಸರನ್ನೇ ಇಟ್ಟುಕೊಂಡರು, ಆದರೆ ಅವರು ಅಗಸ್ಟೀನಿಯನ್ ಸಂಘದವರು. ಲೂಥರ್ ಸನ್ಯಾಸಿಯಾಗಿದ್ದದ್ದೂ ಅಗಸ್ಟೀನಿಯನ್ನರಲ್ಲೇ. ಇದನ್ನು ಹೇಳಿದಾಗ ಕಾಕಾ ಮೊದಲ ಸಲ ಆಸಕ್ತಿಯಿಂದ ಕತ್ತೆತ್ತಿದ.

ಅದೇ ನೆಪದಲ್ಲಿ ಆ ಜಂಟಿ ಹೇಳಿಕೆಯ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಎರಡು ವಾರ ಇಟ್ಟುಕೊಂಡ. ಮೊನ್ನೆ ಭಾನುವಾರ ಸತ್ಯವೇದದೊಳಗೆ ಮಡಚಿ ಇಟ್ಟುಕೊಂಡು ಬಂದ. ಮಡಚಿದ ಜಾಗ ಎಲ್ಲಿ ಅಂತ ಕಣ್ಣಿಗೆ ಬಿತ್ತು, ಮಲಾಕಿಯ ಮತ್ತು ಮತ್ತಾಯದ ನಡುವೆ. ಅಂಚಿನಲ್ಲೆಲ್ಲ ಕೆಂಪು ಪೆನ್ಸಿಲ್.

"ಚೊಲೋ ಬರದಾರ" ಅಂದ. "ಹದಿನೈದನೇ ಪ್ಯಾರಾ ನೋಡು. ನಮ್ಮ ಯೋಗ್ಯತಾದಿಂದ ಅಲ್ಲ, ಬರೇ ಕೃಪಾದಿಂದ, ಕ್ರಿಸ್ತನ ಮ್ಯಾಲಿನ ನಂಬಿಕಿಯೊಳಗ ದೇವರು ನಮ್ಮನ್ನ ಸ್ವೀಕಾರ ಮಾಡ್ತಾನ, ಆಮ್ಯಾಲೆ ಒಳ್ಳೆ ಕೆಲಸಕ್ಕ ಕರೀತಾನ ಅಂತ ಐತಿ. ಇದಕ್ಕ ನಾನೂ ಸಹಿ ಮಾಡ್ತೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಆದರ ತಮ್ಮಾ, ಸಿಯೋಲ್‌ದಾಗ ನಮ್ಮ ಪರವಾಗಿ ಸಹಿ ಮಾಡಿದವರು ಯಾರು? ನಮ್ಮ ಸಭಾದಾಗ ಯಾರನ್ನ ಕೇಳಿ ಮಾಡಿದರು?"

ಅಡುಗೆಮನೆಯಿಂದ ಅಮ್ಮ ಅಂದಳು, "ನಮ್ಮಲ್ಲಿ ಯಾರೂ ಕೇಳೂದಿಲ್ರಿ. ಅವರು ಮಾಡ್ತಾರ, ನಾವು ಆಮೆನ್ ಅಂತೀವಿ."

"ಅದಕ್ಕ ವೈನಿ ನಾ ಹೇಳೂದು…" ಅಂತ ಕಾಕಾ ಕುರ್ಚಿಯನ್ನು ಅಡುಗೆಮನೆ ಬಾಗಿಲ ಕಡೆ ತಿರುಗಿಸಿಕೊಂಡ. ಅಪ್ಪ ಟಿವಿ ಸೌಂಡ್ ಜಾಸ್ತಿ ಮಾಡಿದ.